ಪುಟ್ಟತಾಯತ್ತೆ ಮುಚ್ಚಿದ ಅಟ್ಟ

ಅಥವಾ ಅದು ಊದುಬತ್ತಿಯೇ ಆಗಿರಲಿಲ್ಲವೇನೋ. ಹೊತ್ತಿಸಿದ ಬಟ್ಟೆಯ ಬತ್ತಿಯೂ ಇದ್ದೀತು. ನನ್ನ ಕಣ್ಣಿಗೆ ಮಾತ್ರ ಊದುಬತ್ತಿಯೇ ಕಾಣುತ್ತದೆ. ನನ್ನ ಗಂಡನ ಸೋದರತ್ತೆ ಪುಟ್ಟತಾಯಮ್ಮ ಏಣಿಯ ಮೇಲೆ ನಿಂತು, ಅಟ್ಟದ ಹಲಗೆಗಳ ಸಂದಿಗೆ ಅದನ್ನು ಹಿಡಿದಿದ್ದಾರೆ. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದು ಕಡೆ ತಟ್ಟನೆ ಸೊಟ್ಟಗಾಯಿತು. “ಇಲ್ಲವ್ನೆ ಕಳ್ಳ” ಎಂದು ಆ ಜಾಗಕ್ಕೆ ಸುಣ್ಣದ ಬೊಟ್ಟಿಟ್ಟರು.

ನಂಜನಗೂಡಿನ ನಮ್ಮ ಹೆಂಚಿನ ಮನೆಗೆ ನಾನು ಹಸುಗೂಸಿನೊಂದಿಗೆ ಬಂದದ್ದು ಧನುರ್ಮಾಸದಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಮಗಳು. ಮೈ ತಣ್ಣಗಾಗದಂತೆ ನೋಡಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಹೊಳೆ ಕಡೆಯ ಗಾಳಿ ಹೆಂಚಿನ ಸಂದಿಯಿಂದ ಅಟ್ಟಕ್ಕಿಳಿದು, ಹಲಗೆಯ ಬಿರುಕಿನಿಂದ ಸೀದಾ ತೊಟ್ಟಿಲ ಮೇಲೆ ಬೀಳುತ್ತಿತ್ತು. ನನ್ನ ಅಮ್ಮ ಇರಲಿಲ್ಲ. ಬಾಣಂತನಕ್ಕೆ ಬದನವಾಳಿನಿಂದ ಬಂದ ಅತ್ತೆ, ಕಂಕುಳಲ್ಲಿದ್ದ ಗಂಟು ಇಳಿಸುವ ಮೊದಲೇ ಕೂಸಿನ ಪಾದ ಮುಟ್ಟಿ ನೋಡಿದರು. ಆಮೇಲೆ ತಲೆಯೆತ್ತಿ ಅಟ್ಟ ನೋಡಿದರು.

ಅವರಿಗೆ ಗಾಳಿಯೆಂದರೆ ಹಳೆಯ ವೈರಿ. ಬಸ್ಸಿನಲ್ಲೂ ಕಿಟಕಿಯ ಸಂದಿಗೆ ಸೆರಗು ತುರುಕಿ ಕೂರುವವರು. ಊರಲ್ಲಿ ನೂಲುವ ಕೆಲಸಕ್ಕೆ ಹೋಗುತ್ತಿದ್ದವರು. ಅಲ್ಲಿ ಉಳಿಯುವ ಹತ್ತಿಯ ಕಸವನ್ನು ಚೀಲದಲ್ಲಿ ತರಿಸಿದರು. ಬೊಟ್ಟಿಟ್ಟ ಬಿರುಕುಗಳಿಗೆಲ್ಲ ಅದನ್ನು ಹೊಸೆದು ಚಾಕುವಿನ ಹಿಂಬದಿಯಿಂದ ತುಂಬಿದರು. ಮೇಲೆ ಬೇವಿನ ಸೊಪ್ಪು ಹರಡಿ, ಬತ್ತದ ಹೊಟ್ಟು ತುಂಬಿದ ಗೋಣಿಚೀಲಗಳನ್ನು ಹಾಸಿಗೆಯಂತೆ ಒತ್ತಿ ಮಲಗಿಸಿದರು.

“ಅತ್ತೆ, ನಮ್ಗೂ ಒಸಿ ಉಸ್ರು ಬುಡಿ” ಎಂದು ನನ್ನ ಗಂಡ ಕೆಳಗಿನಿಂದ ರೇಗಿಸಿದರು.

“ನಿಂಗೇನ್ಲಾ, ಜಗ್ಲಿ ಮೇಲೋಗಿ ಉಸ್ರಾಡು. ಬಾಣ್ತಿ ಮನೆ ಇದು.”

ಮರುದಿನ ಬೆಳಿಗ್ಗೆ ಕೂಸಿನ ಪಾದ ಬೆಚ್ಚಗಿತ್ತು. ಹುಟ್ಟಿದ ಮೇಲೆ ಅದೇ ಮೊದಲು. ಈ ಒಂದು ನೆನಪಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ; ಅದು ತಲೆಯಲ್ಲಿಲ್ಲ, ಅಂಗೈಯಲ್ಲಿದೆ.

ಆ ಸಂತೋಷದಲ್ಲೇ ಅತ್ತೆ ಕೂಸಿಗೆ ನೀರು ಹಾಕಿ, ಎಂದಿನಂತೆ ಸಾಂಬ್ರಾಣಿ ಹೊಗೆ ಹಿಡಿದರು. ಬಾಗಿಲು ಕಿಟಕಿ ಹಾಕಿದ್ದವು. ಮೊದಲೆಲ್ಲ ಹಲಗೆಯ ಬಿರುಕಿನಿಂದ ಹೊರಟುಹೋಗುತ್ತಿದ್ದ ಹೊಗೆಗೆ ಅವತ್ತು ದಾರಿಯೇ ಇರಲಿಲ್ಲ. ಕೋಣೆ ಬೆಳ್ಳಗಾಯಿತು. ಕೂಸು ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ದನಿಯೇ ಬರಲಿಲ್ಲ. ಬಾಣಂತಿ ಹೊಸಿಲು ದಾಟಬಾರದೆಂಬ ಮಾತು ಮರೆತು ಅದನ್ನು ಎದೆಗೊತ್ತಿಕೊಂಡು ಹಿತ್ತಿಲಿಗೆ ಓಡಿದೆ. ಬಿಸಿಲಲ್ಲಿ ಅದು ಅತ್ತಿತು. ಅಷ್ಟು ಒಳ್ಳೆಯ ಅಳುವನ್ನು ನಾನು ಕೇಳಿಲ್ಲ.

ಅತ್ತೆ ಬಂದರು. ಬೈಯುತ್ತಾರೆ ಅಂದುಕೊಂಡೆ. ತಲೆಯ ಮೇಲೆಲ್ಲ ಹೊಟ್ಟಿನ ಧೂಳು.

“ತಪ್ಪು ನಂದೇ ಕಣವ್ವ. ಬರೋ ಗಾಳಿನೇ ನೋಡ್ದೆ. ಓಗೋ ಗಾಳಿ ಮರ್ತೆ.”

ಹಿರಿಯರೊಬ್ಬರು ಸೊಸೆಯೆದುರು ಹೀಗೆ ಹೇಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರು ಅಟ್ಟ ಹತ್ತಿ ಒಂದು ಬಿರುಕು ಬಿಚ್ಚಿ ಬಂದರು ಎಂದು ನನ್ನ ನೆನಪು. ನನ್ನ ಗಂಡ ಒಪ್ಪುವುದಿಲ್ಲ. ಕಿಟಕಿ ತೆರೆದರು, ಅಷ್ಟೇ ಎನ್ನುತ್ತಾರೆ. ಆಗ ನಾನಿದ್ದದ್ದು ಹಿತ್ತಿಲಲ್ಲಿ.

ಬದನವಾಳಿನಲ್ಲಿ ಕೊನೆಯ ಸಲ ನೋಡಿದಾಗ ಅತ್ತೆ ಬಿಸಿಲಿಗೆ ಕೂತಿದ್ದರು. ಅವರಿಗಿಂತ ಎತ್ತರ ಬೆಳೆದಿದ್ದ ನನ್ನ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಪಾದ ಮುಟ್ಟಿದರು. ಅವಳು ನಾಚಿ ಕಾಲೆಳೆದುಕೊಂಡಳು. “ಬೆಚ್ಗವೆ” ಎಂದರು ಅತ್ತೆ, ನನ್ನ ಕಡೆ ನೋಡಿ.

ಅವರು ಹೋದ ಮೇಲೆ, ಈ ಬೇಸಿಗೆಯಲ್ಲಿ, ಮಗಳು ಮೇಲೆ ಕೂತು ಓದಿಕೊಳ್ಳಲೆಂದು ಅಟ್ಟದ ಹೆಂಚಿನಡಿ ಶಾಖ ತಡೆಯುವ ಶೀಟು ಹೊಡೆಸಿದೆವು. ಕೆಲಸದವನು ಗೋಣಿಚೀಲಗಳನ್ನೆತ್ತಿದಾಗ ಬಿರುಕುಗಳಲ್ಲಿ ಹತ್ತಿ ಹಾಗೇ ಇತ್ತು. ಆಗ ತೊಟ್ಟಿಲಿದ್ದ ಜಾಗಕ್ಕೆ ದೂರದ ಮೂಲೆಯಲ್ಲಿ ಒಂದು ಬಿರುಕು ಮಾತ್ರ ಖಾಲಿ. ಅದರ ಮೇಲೆ ಚೀಲವೂ ಇರಲಿಲ್ಲ.

“ಇದ್ನೂ ಮುಚ್ಬುಡ್ಲಾ ಅಕ್ಕ? ಧೂಳು ಉದುರ್ತದೆ.”

“ಉದುರ್ಲಿ ಬಿಡಪ್ಪ” ಎಂದೆ.

ಅದನ್ನು ಬಿಚ್ಚಿದ್ದು ಅತ್ತೆಯೋ, ಹತ್ತಿ ಎಳೆದುಕೊಂಡು ಹೋದ ಇಲಿಯೋ, ನನಗೆ ಗೊತ್ತಿಲ್ಲ.