ಆ್ಯಪ್ ಅಳಿಸಿದ ದೃಷ್ಟಿಬೊಟ್ಟು

ಜುಲೈ 7, ಸೋಮವಾರ, ಬೆಳಿಗ್ಗೆ 7:40. ಮುಂಬೈಯ ವಡಾಲದಲ್ಲಿ ಚಿಕ್ಕಮ್ಮನ ಅಡುಗೆಮನೆ. ರೊಟ್ಟಿ, ಪಲ್ಯ ಜೋಡಿಸಿಟ್ಟ ಸ್ಟೀಲ್ ತಟ್ಟೆಯ ಮುಂದೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನಿಂತಿದ್ದೆ. ಆ ದಿನದ ಡೈರಿಯ ಮೊದಲ ಸಾಲು: ‘ಇವತ್ತಿನಿಂದ ಸಮಯ ಉಳಿತಾಯ.’ ಈಗ ಓದಿದರೆ ಹೊಟ್ಟೆ ಉರಿಯುತ್ತದೆ.

ಚಿಕ್ಕಮ್ಮ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಾಳೆ. ಅವಳ ಜೊತೆ ವಿಜಯಪುರದ ಕಡೆಯ ನಾಲ್ವರು ಹೆಂಗಸರು ಬೆಳಿಗ್ಗೆ ಐದಕ್ಕೆ ಬಂದು ರೊಟ್ಟಿ ಬಡಿಯುತ್ತಾರೆ. ಹತ್ತಿರದ ಒಂದು ಬಿಲ್ಡಿಂಗಿನ ಕೆಲಸ ಮುಗಿದು ಅಲ್ಲಿಯ ಕೂಲಿಯವರು ಬೇರೆಡೆಗೆ ಹೋದ ಮೇಲೆ ಡಬ್ಬಿಗಳ ಸಂಖ್ಯೆ ಅರ್ಧಕ್ಕೆ ಇಳಿದಿತ್ತು. ಇದ್ದ ಕೆಲಸ ಇಬ್ಬರಿಗೆ ಸಾಕು. ಉಳಿದಿಬ್ಬರಿಗೆ ‘ನಾಳೆಯಿಂದ ಬರಬೇಡಿ’ ಎನ್ನಲು ಚಿಕ್ಕಮ್ಮನಿಗೆ ಬಾಯಿ ಬರುತ್ತಿರಲಿಲ್ಲ. ಅಷ್ಟರಲ್ಲಿ ಅಂಧೇರಿಯ ಒಂದು ಆಫೀಸು ಮಧ್ಯಾಹ್ನದ ಊಟಕ್ಕೆ ಹೊಸ ಖಾನಾವಳಿ ಹುಡುಕುತ್ತಿರುವ ಸುದ್ದಿ ಬಂತು. ಮೂರು ಖಾನಾವಳಿಗಳ ನಡುವೆ ಸ್ಪರ್ಧೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಹನ್ನೊಂದರೊಳಗೆ ಆಫೀಸಿನವರ ಫೋನ್ ಗುಂಪಿಗೆ ಆ ದಿನದ ಅಡುಗೆಯ ಅರ್ಧ ನಿಮಿಷದ ವಿಡಿಯೋ ಕಳಿಸಬೇಕು. ಕೊನೆಗೆ ಅವರ ಮತ. ಗೆದ್ದರೆ ನಲವತ್ತೈದು ಡಬ್ಬಿ, ನಾಲ್ವರಿಗೂ ಕೆಲಸ.

ವಿಡಿಯೋ ಮಾಡುವ ಹೊಣೆ ನನ್ನ ತಲೆಗೆ ಬಂತು. ಭಾನುವಾರ ಒಂದನ್ನು ಕೈಯಾರೆ ಕತ್ತರಿಸಿ, ಜೋಡಿಸಿ, ಹಿಂದಿಯಲ್ಲಿ ಮಾತು ಸೇರಿಸಿ ನೋಡಿದೆ: ಎರಡು ಗಂಟೆ ಐವತ್ತು ನಿಮಿಷ. ನನಗೆ ಹನ್ನೆರಡಕ್ಕೆ ದಾದರ್‌ನಲ್ಲಿ ಡ್ಯೂಟಿ. ಹಾಗಾಗಿ ಎಐ ಆ್ಯಪ್ ಒಂದನ್ನು ಹಾಕಿಕೊಂಡೆ. ತುಣುಕುಗಳನ್ನು ಕೊಟ್ಟರೆ ಸಾಕು, ಒಳ್ಳೆಯವನ್ನು ಅದೇ ಆರಿಸಿ, ಜೋಡಿಸಿ, ಮಾತು ಸೇರಿಸಿ, ಗುಂಪಿಗೂ ಅದೇ ಕಳಿಸುತ್ತದೆ. ಸೋಮವಾರ ಹದಿನಾಲ್ಕು ನಿಮಿಷದಲ್ಲಿ ಎಲ್ಲ ಮುಗಿಯಿತು. ಬೀಗುತ್ತ ಚಿಕ್ಕಮ್ಮನಿಗೆ ತೋರಿಸಿದೆ.

“ಬೊಟ್ಟ ಎಲ್ಲೈತಿ?” ಎಂದಳು.

“ಯಾವ ಬೊಟ್ಟು, ಚಿಗವ್ವಾ?”

“ತಾಟಿನ ಅಂಚಿಗೆ ಇಟ್ಟಿದ್ನೆಲ್ಲ, ಮಸಿ ಬೊಟ್ಟ. ನಿನ್ನ ಕಣ್ಣ ಎಲ್ಲಿದ್ವು?”

ಹೊರಗಿನವರ ಕಣ್ಣಿಗೆ ಬೀಳುವ ಅಡುಗೆಗೆ ಅವಳು ಹಂಚಿನ ತಳದ ಮಸಿಯಿಂದ ಒಂದು ದೃಷ್ಟಿಬೊಟ್ಟು ಇಡುತ್ತಾಳೆ. ಒಮ್ಮೆ ಮಾತ್ರ ಇಡದೆ ರೊಟ್ಟಿಯ ಫೋಟೋವನ್ನು ಸ್ಟೇಟಸ್‌ಗೆ ಹಾಕಿದ್ದಳಂತೆ. ಮರುವಾರವೇ ಕೂಲಿಯವರ ಡಬ್ಬಿ ನಿಂತಿತು. ಬಿಲ್ಡಿಂಗು ಮುಗಿದದ್ದಕ್ಕೆ ನಿಂತದ್ದು ಎಂದರೆ, “ಮುಗಿದಿದ್ದು ಯಾಕ ಆವಾಗ್ಲೇ ಮುಗೀಬೇಕಿತ್ತು?” ಎನ್ನುತ್ತಾಳೆ.

ನಾನು ಫೋನಿನಲ್ಲಿ ತೆಗೆದ ತುಣುಕಿನಲ್ಲಿ ಬೊಟ್ಟು ಇತ್ತು. ಆ್ಯಪ್ ಅದನ್ನು ಕೊಳೆ ಎಂದು ತಿಳಿದು ಒರೆಸಿ ಹಾಕಿತ್ತು.

ಮಂಗಳವಾರ ಚಿಕ್ಕಮ್ಮ ಕಡಲೆಕಾಳಿನಷ್ಟು ದೊಡ್ಡ ಬೊಟ್ಟು ಇಟ್ಟಳು. ಆ್ಯಪ್ ಅಳಿಸಿತು. ‘ಕಪ್ಪು ಬೊಟ್ಟನ್ನು ಮುಟ್ಟಬೇಡ’ ಎಂದು ಟೈಪ್ ಮಾಡಿದೆ. ‘ಖಂಡಿತ’ ಎಂದಿತು, ಮತ್ತೆ ಅಳಿಸಿತು, ಕ್ಷಮೆ ಕೇಳಿತು. ಹೀಗೆ ಆರು ಸಲ. ಆರೂ ಸಲ ಕ್ಷಮೆಯ ಮಾತು ಬೇರೆ ಬೇರೆ, ತಟ್ಟೆ ಮಾತ್ರ ಅದೇ ಥಳಥಳ.

ಬುಧವಾರದ ಬೊಟ್ಟು ಐದು ರೂಪಾಯಿ ನಾಣ್ಯದಷ್ಟಿತ್ತು. ಅಷ್ಟು ದೊಡ್ಡದನ್ನು ಕೊಳೆ ಎನ್ನಲು ಆ್ಯಪಿಗೂ ಮನಸ್ಸು ಬರಲಿಲ್ಲವೇನೋ, ಅದನ್ನು ಒಂದು ಪುಟ್ಟ ಬಟ್ಟಲನ್ನಾಗಿ ಮಾಡಿ ಒಳಗೆ ಕಪ್ಪು ಚಟ್ನಿ ತುಂಬಿಸಿತು. ರೊಟ್ಟಿ ಬಡಿಯುತ್ತಿದ್ದ ಹೆಂಗಸರಲ್ಲಿ ಹಿರಿಯಳು ಕೈ ನಿಲ್ಲಿಸಿ ಇಣುಕಿದಳು.

“ಅಕ್ಕಾ, ನಾವು ಗುರೆಳ್ಳು ಚಟ್ನಿ ಯಾವಾಗ ಮಾಡಿದ್ವಿ?”

“ಮಾಡಿಲ್ಲ. ಇವಳ ಯಂತ್ರ ಮಾಡೇತಿ.”

“ಹಂಗಾರ ನಾಳಿಂದ ರೊಟ್ಟೀನೂ ಅದಕ್ಕ ಬಡಿಯಾಕ ಹೇಳು. ನಾವು ಮಲಗ್ತೀವಿ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಗಂಟೆ 10:51 ಆಗಿತ್ತು. ಒಂಬತ್ತನೆಯ ಪ್ರಯತ್ನದಲ್ಲಿ ಬಟ್ಟಲು ಹೋಯಿತು, ಅದರ ಜೊತೆ ಬೊಟ್ಟೂ ಹೋಯಿತು. ಹಾಗೇ ಕಳಿಸಿದೆ.

ಗುರುವಾರ ಬೇಡಿಕೊಂಡೆ. “ತಾಟಿನ ಕೆಳಗ ಇಡು, ಚಿಗವ್ವಾ. ಬೊಟ್ಟೂ ಇರತೈತಿ, ವಿಡಿಯೋನೂ ಚೊಕ್ಕ ಇರತೈತಿ.”

“ನೋಡವ್ರ ಕಣ್ಣು ಮೊದಲ ಬೊಟ್ಟಿನ ಮ್ಯಾಲೆ ಬೀಳಬೇಕು. ಕಾಣದಂಗ ಇಟ್ರ ಅದು ಏನ್ ತಡೀತೈತಿ?”

ಮತ್ತೆ ಆ್ಯಪನ್ನೇ ತೆರೆದೆ. ಆ ದಿನವೂ ಬೊಟ್ಟಿಲ್ಲದ ವಿಡಿಯೋ ಹೋಯಿತು. ಚಿಕ್ಕಮ್ಮ ನನಗೆ ಚಹಾ ಕೊಡಲಿಲ್ಲ. ಇಬ್ಬರ ಕೆಲಸ ಹೋದರೆ ಅದಕ್ಕೆ ನನ್ನ ಫೋನೇ ಕಾರಣ ಎಂದು ಒಲೆಯ ಕಡೆಗೆ ಮುಖ ಮಾಡಿ ಹೇಳಿದಳು.

ಶುಕ್ರವಾರ ಆ್ಯಪ್ ಮುಟ್ಟಲಿಲ್ಲ. 7:15ಕ್ಕೆ ಕೂತು ಎಲ್ಲವನ್ನೂ ಕೈಯಾರೆ ಮಾಡಿ 10:58ಕ್ಕೆ ಕಳಿಸಿದೆ. ಬೊಟ್ಟು ಇಟ್ಟ ಜಾಗದಲ್ಲೇ ಇತ್ತು. ಚಿಕ್ಕಮ್ಮ ಮೂರು ಸಲ ನೋಡಿದಳು.

ಸಂಜೆ 6:15ಕ್ಕೆ ಅಂಧೇರಿಯಿಂದ ಫೋನ್. ಊಟದ ವ್ಯವಸ್ಥೆ ನೋಡಿಕೊಳ್ಳುವ ಹೆಂಗಸು ಹಿಂದಿಯಲ್ಲಿ, ಮತ ನಮಗೇ ಬಂದಿದೆ, ಮೊದಲು ಒಂದು ತಿಂಗಳು ನೋಡೋಣ, ವಿಡಿಯೋ ದಿನಾ ಬರಲಿ ಎಂದರು. ಕೊನೆಗೆ, “ಬಸ್ ಏಕ್ ಬಾತ್, ದೀದಿ. ಆಜ್ ಪ್ಲೇಟ್ ಪೇ ದಾಗ್ ಥಾ. ಪೆಹಲೇ ಚಾರ್ ದಿನ್ ಜೈಸಾ ಸಾಫ್ ರಖನಾ.”

ಇವತ್ತು ತಟ್ಟೆಯ ಮೇಲೆ ಕಲೆ ಇತ್ತಂತೆ, ಮೊದಲ ನಾಲ್ಕು ದಿನದ ಹಾಗೆ ಚೊಕ್ಕ ಇರಬೇಕಂತೆ. ಅದು ನಜರ್ ಕಾ ಟೀಕಾ, ದೃಷ್ಟಿಬೊಟ್ಟು, ಕಲೆಯಲ್ಲ ಎಂದೆ. ಅವರಿಗೂ ಅದು ಗೊತ್ತಿತ್ತು. “ಮೈ ಸಮಝ್‌ತೀ ಹೂಂ. ಪರ್ ಪೈಂತಾಲೀಸ್ ಲೋಗೋಂ ಕೋ ಕೌನ್ ಸಮಝಾಯೇಗಾ?” ನಲವತ್ತೈದು ಜನರಿಗೆ ತಿಳಿಸಿ ಹೇಳುವವರು ಯಾರು, ದೂರು ಬಂದರೆ ತಿಂಗಳ ಕೊನೆಗೆ ಯೋಚಿಸಬೇಕಾಗುತ್ತದೆ ಎಂದರು.

ಚಿಕ್ಕಮ್ಮನ ಲೆಕ್ಕ ಬೇರೆ. “ನಾಲ್ಕ ದಿನ ಬೊಟ್ಟ ಕಾಣಲಿಲ್ಲ, ಏನೂ ಆಗಲಿಲ್ಲ. ಐದನೇ ದಿನ ಕಂಡಿತು, ಸಂಜೀಗೆ ಆರ್ಡರ್ ಬಂತು. ನೀನ ಬರಕೊಂಡಿಯಲ್ಲ ಡೈರಿಯಾಗ, ನೋಡಿಕೋ.” ನೋಡಿದೆ. ದಿನಾಂಕಗಳು ಅವಳ ಪರವಾಗಿಯೇ ಇವೆ.

ಎರಡನೆಯ ವಾರದ ಮಂಗಳವಾರ ಜಾಣತನ ಮಾಡಿದೆ: ಬೊಟ್ಟಿರುವ ವಿಡಿಯೋ ಚಿಕ್ಕಮ್ಮನ ಫೋನಿಗೆ, ಬೊಟ್ಟಿಲ್ಲದ್ದು ಆಫೀಸಿನವರಿಗೆ. ಡಬ್ಬಿಯ ಮಾತಿಗೆಂದು ಆಫೀಸಿನವರು ಅವಳನ್ನೂ ಅದೇ ಗುಂಪಿಗೆ ಸೇರಿಸಿಕೊಂಡಿದ್ದು ನನಗೆ ಗೊತ್ತಿರಲಿಲ್ಲ. ಅವತ್ತು ಮಧ್ಯಾಹ್ನ ದಾದರ್‌ನ ಆಫೀಸಿನಲ್ಲಿ ಕೂತು ಬೈಸಿಕೊಂಡದ್ದು ಹನ್ನೊಂದು ನಿಮಿಷ. ಪಕ್ಕದ ಟೇಬಲಿನವರಿಗೆ ಕನ್ನಡ ಬರುವುದಿಲ್ಲ, ಆದರೂ ಎಲ್ಲ ಅರ್ಥವಾದಂತಿತ್ತು.

ಆರ್ಡರ್ ಶುರುವಾದ ಮೇಲೆ ಒಂಬತ್ತು ವಿಡಿಯೋ ಹೋಗಿವೆ. ಕೈಯಾರೆ ಮಾಡಿದ್ದು ಏಳು, ಹಿಡಿದದ್ದು ಹದಿನಾರೂವರೆ ಗಂಟೆ. ಆ್ಯಪ್‌ನಿಂದ ಎರಡು, ಇಪ್ಪತ್ತೊಂಬತ್ತು ನಿಮಿಷ. ಕಲೆಯ ಬಗ್ಗೆ ಆಫೀಸಿನ ದೂರು ಐದು. ಚಿಕ್ಕಮ್ಮನ ಜೊತೆ ಜಗಳ ಒಂಬತ್ತು. ನಾಲ್ವರೂ ದಿನಾ ಐದಕ್ಕೆ ಬರುತ್ತಿದ್ದಾರೆ. ತಿಂಗಳು ತುಂಬಲು ಇನ್ನು ಹದಿಮೂರು ಕೆಲಸದ ದಿನಗಳಿವೆ.

ಒಂದು ಗುರುತನ್ನು ಅಳಿಸದೆ ಬಿಡುವಂತೆ ಇಂಥ ಆ್ಯಪಿಗೆ ಹೇಳುವ ದಾರಿ ಬಲ್ಲವರು, ಅಥವಾ ನೋಡಿದವರು ಕಲೆ ಎನ್ನದ ಹಾಗೆ ಬೊಟ್ಟು ಇಡುವುದು ಗೊತ್ತಿರುವವರು ದಯವಿಟ್ಟು ನನಗೆ ಬರೆಯಿರಿ. ಯಾವ ಆ್ಯಪ್, ಯಾವ ಸೆಟ್ಟಿಂಗ್, ನೀವೇ ಮಾಡಿ ನೋಡಿದ್ದೀರಾ ಎಂಬುದೂ ಇರಲಿ. ‘ತುಂಬಾ ಸುಲಭ’ ಎಂದಷ್ಟೇ ಹೇಳಿ ಸುಮ್ಮನಾದವರು ಈಗಾಗಲೇ ಮೂವರಿದ್ದಾರೆ.