ಅಟ್ಟದ ಮೇಲೆ ನುಡಿಸಿದವಳು ನೀನು

ಶೈಲಾ, ನಿನ್ನ ಕಾಲೇಜು ಬಿಡಿಸಿದವನು ನಾನು. ಇಕ್ಬಾಲ್ ಅಲ್ಲ. ಅವನು ಯಾರ ಹತ್ತಿರವೂ ಏನೂ ಹೇಳಿರಲಿಲ್ಲ. ಶಿಕಾರಿಪುರದಿಂದ ಬೆಳಗಿನ ಬಸ್ಸು ಹತ್ತಿ, ಸೊರಬದಲ್ಲಿಳಿದು, ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ನಿನ್ನ ಅಪ್ಪನಿಗೆ ದೂರು ಹೇಳಿದವನು ನಿನ್ನ ದೊಡ್ಡಪ್ಪನ ಮಗ — ನೀನು ಇವತ್ತಿಗೂ ಬಾಯಿ ತುಂಬ ಅಣ್ಣ ಎಂದು ಕರೆಯುವ ಈ ಮಹೇಶ.

ನನ್ನ ಹೆಸರು ಹೇಳಬೇಡಿ ಎಂದು ಚಿಕ್ಕಪ್ಪನನ್ನು ಬೇಡಿಕೊಂಡಿದ್ದೆ. ಅವರು ಕೊನೆಯವರೆಗೂ ಹೇಳಲಿಲ್ಲ. ಹೋದ ವರ್ಷ ಅವರು ತೀರಿಕೊಂಡ ಮೇಲೆ ಇದನ್ನು ಬಲ್ಲವನು ನಾನೊಬ್ಬನೇ ಉಳಿದೆ. ಮನೆತನದ ಮರ್ಯಾದೆಗಾಗಿ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೊಟ್ಟೆಕಿಚ್ಚಿಗೆ ಮಾಡಿದೆ.

ತೊಂಬತ್ತರ ದಶಕದ ನಡುವಿನ ಮಾತು. ದಾವಣಗೆರೆಯಲ್ಲಿ ಡಿಪ್ಲೊಮಾ ಫೇಲಾಗಿ ಊರಿಗೆ ಬಂದಾಗ ನಾನು ತಂದದ್ದು ಒಂದು ಚೀಲ ಕ್ಯಾಸೆಟ್ಟು, ಭುಜ ಮುಟ್ಟುವ ಕೂದಲು, ಒಂದು ಹಳೆಯ ಗಿಟಾರು. ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತದ ಹೆಸರು ಗೊತ್ತಿದ್ದವನು ಊರಿಗೆಲ್ಲ ನಾನೊಬ್ಬನೇ ಎಂಬ ಹಮ್ಮು ನನಗೆ. ಹಗಲೆಲ್ಲ ಅಪ್ಪನ ಗೋಣಿಚೀಲದ ಅಂಗಡಿಯಲ್ಲಿ ಕೂತು ಮಂಡಿಯವರಿಗೆ ಚೀಲ, ಹಗ್ಗ, ತಾಡಪಾಲು ಮಾರುತ್ತಿದ್ದೆ. ಭಾನುವಾರ ಅಂಗಡಿಗೆ ರಜೆ. ಮೇಲಿನ ಅಟ್ಟದಲ್ಲಿ ಸೂರು ಮುಟ್ಟುವಷ್ಟು ಚೀಲ ಒಟ್ಟಿದ್ದರಿಂದ ಎಷ್ಟು ಕಿರುಚಿದರೂ ಬೀದಿಗೆ ಕೇಳುತ್ತಿರಲಿಲ್ಲ. ಮೂರು ವರ್ಷ ಅಲ್ಲಿ ಗಿಟಾರು ಕೆರೆದೆ. ಕ್ಯಾಸೆಟ್ಟಿನಲ್ಲಿ ಗುಡುಗುತ್ತಿದ್ದ ಸದ್ದು ನನ್ನ ಬೆರಳಿಗೆ ಬರಲೇ ಇಲ್ಲ.

ಆಮೇಲೆ ನೀನು ಬಂದೆ — ಡಿಗ್ರಿಗೆಂದು ಸೊರಬದಿಂದ ನಮ್ಮ ಮನೆಗೆ. ಎಣ್ಣೆ ಹಚ್ಚಿ ಬಿಗಿದ ಜಡೆ, ಟ್ರಂಕು, ವಚನ ಹಾಡಲು ಕಲಿತಿದ್ದ ಹಾರ್ಮೋನಿಯಂ. ಮೊದಲ ವಾರ ನನ್ನ ಕ್ಯಾಸೆಟ್ಟು ಕೇಳಿ ನೀನು ಕಿವಿ ಮುಚ್ಚಿಕೊಳ್ಳುತ್ತೀಯ ಎಂದುಕೊಂಡಿದ್ದೆ. ನೀನು ಟೇಪ್ ರೆಕಾರ್ಡರಿನ ಹತ್ತಿರ ಸರಿದು ಕೂತೆ.

“ಅಣ್ಣ, ನಮ್ಮನೆ ಹಿಂದಿನ ಅಕ್ಕಿ ಗಿರಣಿ ಹಿಂಗೇ ಬಡ್ಕೊಳ್ತದೆ ನೋಡು. ಬೆಲ್ಟು ಜಾರಿದಾಗ ಒಂದು ಪೆಟ್ಟು ತಪ್ತದೆ, ಆಮೇಲೆ ಓಡಿ ಬಂದು ಕೂಡಿಕೊಳ್ತದೆ.”

ನಾನು ನಕ್ಕಿದ್ದೆ. ಮೂರು ವರ್ಷ ಕೇಳಿಯೂ ನನಗೆ ಹೊಳೆಯದ್ದನ್ನು ನೀನು ಅರ್ಧ ಗಂಟೆಯಲ್ಲಿ ಹೇಳಿದ್ದೆ — ಅದು ಅಂದೇ ತಿಳಿದಿತ್ತು. ಅದಕ್ಕೇ ನಕ್ಕಿದ್ದು.

ಗಿಟಾರು ಹಿಡಿಯುವುದನ್ನು ನಾನೇ ಕಲಿಸಿದೆ. ಇದನ್ನು ಬರೆಯುವಾಗಲೂ ಒಳಗಿನಿಂದ ಯಾರೋ “ನಾನೇ ಕಲಿಸಿದೆ” ಎಂದು ಒತ್ತಿ ಹೇಳುತ್ತಾರೆ. ಎರಡು ತಿಂಗಳಿಗೆ ನಾನು ಕಲಿಸಲು ಏನೂ ಉಳಿಯಲಿಲ್ಲ. ಹಳೆಯ ಫೋನಿನ ರಿಸೀವರಿನಿಂದ ಕಿವಿಗೆ ಸದ್ದು ಕೊಡುವ ಬಿಲ್ಲೆ ಬಿಚ್ಚಿ, ಗಿಟಾರಿನ ಹೊಟ್ಟೆಗೆ ಅಂಟಿಸಿ, ಅದರ ತಂತಿಯನ್ನು ಸ್ಟೇಷನ್ ಹಿಡಿಯದ ಹಳೆಯ ರೇಡಿಯೊಗೆ ಕೊಟ್ಟು ಸದ್ದು ಪೂರ್ತಿ ಏರಿಸಿದವಳು ನೀನು. ಆ ಹರಿದ, ಉರಿಯುವ ನಾದ ರೇಡಿಯೊದಿಂದ ಹೊರಬಿದ್ದಾಗ ನಾನು ಕುಣಿದಿದ್ದೆ. ತೌಡು ತುಂಬಿದ ಚೀಲಕ್ಕೆ ಒನಕೆಯಿಂದ ಗುದ್ದಿ ಡ್ರಮ್ಮು, ಎಣ್ಣೆ ಡಬ್ಬದ ಮುಚ್ಚಳ ತಾಳ. ಮೊದಲು ಡ್ರಮ್ಮು ಒಂದು ಟೇಪಿಗೆ; ಅದನ್ನು ಹಾಕಿಕೊಂಡು ಜೊತೆಗೆ ಗಿಟಾರು ನುಡಿಸಿ, ಎರಡೂ ಸೇರಿ ಇನ್ನೊಂದು ಟೇಪಿಗೆ. ಹೀಗೆ ಪದರ ಪದರವಾಗಿ ನೀನು ಕಟ್ಟಿದ ನಾಲ್ಕು ನಿಮಿಷದ ಹಾಡು ಅದು. ಅದರಲ್ಲಿ ನನ್ನ ಪಾಲು — ಬಟನ್ನು ಒತ್ತಿದ್ದು.

ಆ ಕ್ಯಾಸೆಟ್ಟನ್ನು ನಿನ್ನನ್ನು ಕೇಳದೆ ನನ್ನ ಜೊತೆ ಶಾಲೆ ಕಲಿತ ಇಕ್ಬಾಲನ, ಬಸ್ ಸ್ಟ್ಯಾಂಡಿನ ಹತ್ತಿರದ ಕ್ಯಾಸೆಟ್ ಅಂಗಡಿಗೆ ಒಯ್ದೆ. ಅವನು ಎರಡು ಸಲ ಕೇಳಿದ. ಮೂರನೆಯ ಸಲ ಹಾಕುತ್ತಾ ನನ್ನ ಮುಖ ನೋಡಿದ.

“ಲೇ ಮಹೇಶ, ಇದು ನೀನೇನೋ ನುಡಿಸಿದ್ದು?”

ಒಂದು ಕ್ಷಣ — ಒಂದೇ ಕ್ಷಣವಿತ್ತು, ಶೈಲಾ.

“ಹೂಂ,” ಎಂದೆ. “ನಾನೇ.”

ಅವನು ಅದರ ಪ್ರತಿ ಮಾಡಿ ಶಿವಮೊಗ್ಗದ ಗೆಳೆಯರಿಗೆ ಕೊಟ್ಟ. ಅಲ್ಲಿಯ ಒಂದು ಕಾಲೇಜಿನ ಹುಡುಗರು ತಮ್ಮ ವಾರ್ಷಿಕೋತ್ಸವದಲ್ಲಿ ನುಡಿಸಬೇಕೆಂದು ನನಗೆ ಹೇಳಿಕಳಿಸಿದರು. ಊರಲ್ಲಿ ನಾಲ್ಕು ಜನ ನನ್ನ ಕಡೆ ಬೇರೆಯೇ ಕಣ್ಣಿನಿಂದ ನೋಡತೊಡಗಿದರು. ಆ ಹದಿನೈದು ದಿನ ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಖಾಲಿ ಕ್ಯಾಸೆಟ್ಟು ಕೊಳ್ಳಲು ಹೋದ ನಿನಗೆ ಇಕ್ಬಾಲನೇ ಎಲ್ಲ ಹೇಳಿದ — ನಿಮ್ಮಣ್ಣ ಎಂಥಾ ಕಲಾವಿದ ಎಂದು. ನೀನು ಅವನ ಎದುರು ನನ್ನ ಬಣ್ಣ ಬಯಲು ಮಾಡಲಿಲ್ಲ. ಮನೆಗೆ ಓಡಿ ಬಂದೆ. ಬೈಯುತ್ತೀಯ ಎಂದು ನಾನು ಕಾದೆ. ಬೈದಿದ್ದರೆ ಬಹುಶಃ —

“ಅಣ್ಣ! ನಮ್ಮ ಹಾಡು ಶಿವಮೊಗ್ಗದಲ್ಲೆಲ್ಲ ಕೇಳ್ತಿದಾರಂತೆ!” ನಿನ್ನ ಮುಖ ಹೊಳೆಯುತ್ತಿತ್ತು. “ನೀನು ಅಂತ ಹೇಳಿದ್ದೇ ಒಳ್ಳೇದಾತು ಬಿಡು. ನಾನು ಅಂದಿದ್ರೆ ಯಾರು ನಂಬ್ತಿದ್ರು? ಆದ್ರೆ ಅಲ್ಲಿಗೆ ಇಬ್ರೂ ಹೋಗಾಣ. ನಾನು ನುಡಿಸ್ತೀನಿ, ನೀನು ಹಾಡು. ಆಗ ನಂಬ್ತಾರೆ.”

‘ನಮ್ಮ’ ಹಾಡು ಎಂದೆ ನೀನು. ನಿನ್ನದನ್ನು ಕದ್ದವನಿಗೆ ನೀನೇ ಅರ್ಧ ಪಾಲು ಎತ್ತಿಕೊಟ್ಟೆ. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಪ್ರತಿಭೆ ನಿನ್ನದು, ದೊಡ್ಡ ಮನಸ್ಸೂ ನಿನ್ನದೇ — ನನಗೆ ಉಳಿದದ್ದೇನು? ನಿನ್ನ ಕೈ ತಂತಿಯ ಮೇಲೆ ಓಡುವುದನ್ನು ಸಾವಿರ ಜನ ನೋಡುತ್ತಾರೆ, ಪಕ್ಕದಲ್ಲಿ ಕೂದಲು ಬಿಟ್ಟು ನಿಂತ ನನ್ನನ್ನೂ ನೋಡುತ್ತಾರೆ. ಹೋಗೋಣ ಎಂದು ನಿನಗೆ ಹೇಳಿದೆ. ಮರುದಿನ ಸೊರಬದ ಬಸ್ಸು ಹತ್ತಿದೆ.

“ಶೈಲಾ ಯಾರೋ ಹುಡುಗರ ಜೊತಿ ಶಿವಮೊಗ್ಗಕ್ಕೆ ಹೋಗ್ತೀನಿ ಅಂತಾಳ ಚಿಕ್ಕಪ್ಪ. ನನ್ನ ಮಾತು ಕೇಳವಲ್ಲಳು.”

ಇಷ್ಟೇ ಹೇಳಿದ್ದು. ಸಂಗೀತದ ಹೆಸರೆತ್ತಲಿಲ್ಲ. ‘ಹುಡುಗರು’ ಎಂಬ ಒಂದು ಮಾತು ಸಾಕೆಂದು ನನಗೆ ಗೊತ್ತಿತ್ತು. ಚಿಕ್ಕಪ್ಪ ಹೊಲಿಯುತ್ತಿದ್ದ ಅಂಗಿಯನ್ನು ಮಿಷನ್ನಿನಲ್ಲೇ ಬಿಟ್ಟು ಎದ್ದರು. ನನ್ನ ಭುಜದ ಮೇಲೆ ಕೈಯಿಟ್ಟು, “ನೀನಿದ್ದಿದ್ದಕ್ಕೆ ಮಾನ ಉಳೀತು ಮಾರಾಯ,” ಎಂದರು.

ಅವರು ಅದೇ ಮಧ್ಯಾಹ್ನ ಬಂದು ನಿನ್ನ ಟ್ರಂಕು ಕಟ್ಟಿಸಿದಾಗ ನಾನು ಅಂಗಡಿಯಲ್ಲಿ ಚೀಲ ಎಣಿಸುತ್ತಾ ನಿಂತಿದ್ದೆ. “ಅಣ್ಣ, ನೀನಾದ್ರೂ ಹೇಳು ಅಪ್ಪಂಗೆ!” ಎಂದು ನೀನು ಅಂಗಡಿಗೆ ಓಡಿ ಬಂದೆ. ನಾನು ಇನ್ನೊಂದು ಕಟ್ಟು ಬಿಚ್ಚಿ ಎಣಿಸತೊಡಗಿದೆ. ಹೊರಡುವಾಗ ನೀನು ಮೆಲ್ಲಗೆ ಕೇಳಿದೆ: “ಯಾರು ಹೇಳಿದ್ರು ಅಪ್ಪಂಗೆ?”

“ಇಕ್ಬಾಲ್ ಇರಬೇಕು,” ಎಂದೆ.

ಎಷ್ಟು ಸಲೀಸಾಗಿ ನಾಲಿಗೆಗೆ ಬಂತು ಆ ಹೆಸರು. ನಿಮ್ಮ ಮನೆಯಲ್ಲಿ ಅದನ್ನು ಯಾರೂ ಮರುಪ್ರಶ್ನೆ ಮಾಡುವುದಿಲ್ಲವೆಂಬುದೂ ನನಗೆ ಗೊತ್ತಿತ್ತು.

ನನ್ನ ಬೆರಳಿಗೆ ಪೆಟ್ಟಾಗಿದೆ ಎಂದು ಶಿವಮೊಗ್ಗದ ಹುಡುಗರಿಗೆ ಹೇಳಿಕಳಿಸಿ, ಬಟ್ಟೆ ಸುತ್ತಿಕೊಂಡು ತಿರುಗಿದೆ. ಮುಂದಿನ ವರ್ಷ ಸೊರಬದಲ್ಲೇ ನಿನ್ನ ಮದುವೆಯಾಯಿತು. ಊಟಕ್ಕೆ ಬಡಿಸುತ್ತಾ ನಿನ್ನ ಕೈ ನೋಡಿದೆ — ಬೆರಳ ತುದಿಯಲ್ಲಿ ತಂತಿಯಿಂದ ಕಟ್ಟಿದ್ದ ಜಡ್ಡು ಆಗಲೇ ಕರಗಿ ಮೆತ್ತಗಾಗಿತ್ತು. ನನಗೆ ಸಮಾಧಾನವಾಯಿತು. ಹೌದು, ಸಮಾಧಾನ. ಇದನ್ನೂ ಮುಚ್ಚಿಡಲಾರೆ.

ಮೊನ್ನೆ ನಮ್ಮ ಮನೆಯ ಗೃಹಪ್ರವೇಶಕ್ಕೆ ನೀನು ಬಂದಿದ್ದಾಗ ಇಕ್ಬಾಲ್ ಎದುರಾದ. ಅವನು ಕೈ ಮುಗಿದ. ನೀನು ಮುಖ ತಿರುಗಿಸಿ ಹೋದೆ. ಆಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದ.

“ಇಷ್ಟು ವರ್ಷದಾಗ ಶೈಲಮ್ಮ ನನ್ನ ಜೊತಿ ಒಂದು ಮಾತಾಡಿಲ್ಲ. ನಾನೇನು ತಪ್ಪು ಮಾಡೀನೋ ಮಹೇಶ? ನಿನಗೇನಾರ ಗೊತ್ತಾ?”

ಅವನ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಅಂದು ಊಟಕ್ಕೆ ಕರೆದು ಮಾತು ತಪ್ಪಿಸಿದೆ. ನಿನ್ನೆ ಅವನ ಅಂಗಡಿಗೇ ಹೋಗಿ ಎಲ್ಲ ಹೇಳಿದೆ — ನುಡಿಸಿದವಳು ಯಾರು, ದೂರು ಹೇಳಿದವನು ಯಾರು, ಅವನ ಹೆಸರು ಹೇಳಿದವನು ಯಾರು. ಅವನು ಬೈಯಲಿಲ್ಲ. ನಲವತ್ತು ವರ್ಷದಿಂದ ‘ಲೇ’ ಎಂದು ಕರೆದವನು ಸ್ಟೂಲಿನಿಂದೆದ್ದು, “ನನಗೆ ಹೇಳಿ ಏನು ಮಾಡ್ತೀರಿ? ಆಕಿಗೆ ಹೇಳ್ರಿ,” ಎಂದ. ಆ ‘ರೀ’ ಇನ್ನೂ ಕಿವಿಯಲ್ಲಿದೆ.

ಭಾನುವಾರ ಬರುತ್ತಿದ್ದೇನೆ, ಶೈಲಾ. ಈ ಕಾಗದ ನಿನ್ನ ಕೈಗಿಟ್ಟು ಹಿಂತಿರುಗುವುದಿಲ್ಲ. ನಿನ್ನ ಗಂಡನ ಎದುರು, ಮಕ್ಕಳ ಎದುರು ನಾನೇ ಓದುತ್ತೇನೆ. ಅವರ ಅಮ್ಮ ಏನು ಮಾಡಬಲ್ಲವಳಾಗಿದ್ದಳು ಎಂದು ಅವರಿಗೆ ಗೊತ್ತಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ. ಈಗ ಹೊಟ್ಟೆಕಿಚ್ಚು ಆರಿದೆ ಎಂದೂ ಹೇಳುವುದಿಲ್ಲ — ‘ಮಾಡಬಲ್ಲವಳಾಗಿದ್ದಳು’ ಎಂದು ಬರೆಯುವಾಗಲೂ ಒಳಗೆ ಎಲ್ಲೋ ಚುರುಕ್ಕೆಂದಿತು. ಆ ಚುರುಕನ್ನು ಇಟ್ಟುಕೊಂಡೇ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ, ಬೀದಿಯಲ್ಲಿ ನಿಂತು ಓದುತ್ತೇನೆ.