ಎಂ.ಡಿ. ಸಾಹೇಬರ ಕೈಯಲ್ಲಿನ ಗೂಡು

ಶಿಡ್ಲಘಟ್ಟದ ರೇಷ್ಮೆ ಕಂಪನಿಗೆ ಕನಕರಾಜ್ ಎಂಬ ಎಂ.ಡಿ. ಬರುತ್ತಾರೆಂದು ನೂಲು ತೆಗೆಯುವ ಆದಿಲಕ್ಷ್ಮಮ್ಮ ಮೊದಲು ಕೇಳಿದ್ದು, ಹೆಂಗಸರ ಕೂಲಿ ಏರಿಸಲಾಗದೆಂದು ನೋಟಿಸ್ ಅಂಟಿಸಿದ ದಿನವೇ. ಲಾಭದ ವರ್ಷ ಎಂ.ಡಿ. ಸಾಹೇಬರ ಸಂಬಳ ಏರಿತು. ಎಲ್ಲ ತಮ್ಮ ಶ್ರಮ ಎಂದರು. ನಷ್ಟದ ವರ್ಷವೂ ಏರಿತು. "ನಷ್ಟ ನಿಭಾಯಿಸೋದು ಇನ್ನೂ ಕಷ್ಟ ಕಣ್ರಮ್ಮ" ಎಂದರು. "ನಿಮ್ ಸಂಬಳ ಮಳೆಗೂ ಬೆಳೀತದೆ, ಬಿಸಿಲಿಗೂ ಬೆಳೀತದೆ, ಇದ್ಯಾವ ತಳಿ ಸಾರ್?" ಎಂದು ಆಕೆ ಕೇಳಿದರೆ, ಕೈಯಲ್ಲಿ ಸದಾ ಉರುಳಿಸುತ್ತಿದ್ದ ರೇಷ್ಮೆಗೂಡನ್ನು ನೋಡಿಕೊಂಡು ನಗುತ್ತಿದ್ದರು. ಕೊನೆಗೆ ಕಂಪನಿ ಮುಚ್ಚಿತು. ಅಚ್ಚುಕಟ್ಟಾಗಿ ಮುಚ್ಚಿದ್ದಕ್ಕೆ ಅವರಿಗೆ ಬೋನಸ್ ಬಂತು, ಹೆಂಗಸರಿಗೆ ಕೆಲಸ ಹೋಯಿತು. ಆ ಸಂಜೆ ಆದಿಲಕ್ಷ್ಮಮ್ಮ ಬಿಸಿನೀರಿನ ತೊಟ್ಟಿ ತೊಳೆದಿಡುತ್ತಿದ್ದಾಗ, ಅದೇ ಗೂಡು ಹಿಡಿದು ಪಕ್ಕದಲ್ಲಿ ಬಂದು ನಿಂತರು. "ಯಾರ್ಗೂ ಹೇಳ್ಬೇಡಿ ಅಮ್ಮಾ. ಇದರಲ್ಲಿ ಎಳೆ ತುದಿ ಎಲ್ಲಿರುತ್ತೆ? ಒಂದ್ಸಲ ತೋರಿಸ್ತೀರಾ?"